ಖಾಲಿ ಕೋಣೆಯಿಂದ ಬಂದ ‘ಸೆಲ್’

ಟಾರ್ಚ್ ಮಂಕಾದರೆ ‘ಸೆಲ್ ವೀಕಾಗಿದೆ’ ಎನ್ನುತ್ತೇವೆ. ಹಳ್ಳಿಗಳಲ್ಲಿ ಅದನ್ನು ಬಿಸಿಲಿಗಿಟ್ಟು ಮತ್ತೆ ಹಾಕುವವರಿದ್ದರು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗುತ್ತದೆ, ಹಾಗಾಗಿ ಅದು ಸುಮ್ನೆ ನಂಬಿಕೆಯಲ್ಲ. ಅದೇ ‘ಸೆಲ್’ ಫೋನಿಗೂ ಹೆಸರು, ಜೈಲಿನ ಕೋಣೆಗೂ ಹೆಸರು. ಕೊನೆಗೆ ನಮ್ಮ ಮೈಯೂ ಸೆಲ್‌ಗಳದ್ದೇ.

ಮೂಲ ಲ್ಯಾಟಿನ್ನಿನ ‘ಸೆಲ್ಲಾ’. ಅಂದರೆ ಸಣ್ಣ ಕೋಣೆ, ಉಗ್ರಾಣ. ರೋಮನ್ ದೇವಾಲಯದಲ್ಲಿ ಮೂರ್ತಿ ಇರುತ್ತಿದ್ದ ಒಳಕೋಣೆಯೂ ಸೆಲ್ಲಾನೇ, ನಮ್ಮ ಗರ್ಭಗುಡಿಯ ಹಾಗೆ. ನೆಲಮಾಳಿಗೆಗೆ ಇಂಗ್ಲಿಷಿನವರು ಹೇಳುವ ‘ಸೆಲ್ಲರ್’ ಇದರದೇ ಸಂಬಂಧಿ.

ಈ ಕೋಣೆಯನ್ನು ಸೂಕ್ಷ್ಮದರ್ಶಕದೊಳಗೆ ತಂದವನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್. ಬಾಟಲಿಯ ಬಿರಡೆಗೆ ಬಳಸುವ ಕಾರ್ಕನ್ನು ತೆಳ್ಳಗೆ ಹೆರೆದು ನೋಡಿದ. ಒಳಗೆಲ್ಲಾ ಪುಟ್ಟ ಪುಟ್ಟ ಗೂಡುಗಳು. 1665ರಲ್ಲಿ ಅಚ್ಚಾದ ತನ್ನ ಪುಸ್ತಕ ‘ಮೈಕ್ರೋಗ್ರಾಫಿಯಾ’ದಲ್ಲಿ ಅವನ್ನು ಸೆಲ್ ಎಂದು ಕರೆದ. ಸನ್ಯಾಸಿಗಳ ಕೋಣೆ ನೆನಪಾಗಿ ಆ ಹೆಸರಿಟ್ಟ ಎಂಬ ಕಥೆ ಬಹಳ ಓಡಾಡುತ್ತದೆ. ಆದರೆ ಹುಕ್ ಕೊಟ್ಟ ಹೋಲಿಕೆ ಜೇನಿನ ಎರಿಯದು. ಮನುಷ್ಯ ಲೆಕ್ಕದಲ್ಲೂ ಗಟ್ಟಿ. ಒಂದು ಇಂಚಿನ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಗೂಡು ಎಣಿಸಿದ. ಇಂಚಿಗೆ 1,080 ಆಯಿತು. ಉದ್ದ, ಅಗಲ, ಎತ್ತರ ಗುಣಿಸಿದರೆ ಒಂದು ಘನ ಇಂಚಿಗೆ 125 ಕೋಟಿಗೂ ಜಾಸ್ತಿ!

ತಮಾಷೆ ಏನೆಂದರೆ, ಹುಕ್ ಕಂಡದ್ದು ಖಾಲಿ ಮನೆಗಳನ್ನು. ಕಾರ್ಕ್ ಎಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಅದರ ಜೀವ ಹೋಗಿ ಬರೀ ಗೋಡೆ ಉಳಿದಿರುತ್ತದೆ. ಸಸ್ಯಗಳೆಲ್ಲ ಸೆಲ್‌ಗಳಿಂದಲೇ ಆಗಿವೆ ಎಂದು ಜರ್ಮನಿಯ ವಿಜ್ಞಾನಿ ಶ್ಲೈಡನ್ 1838ರಲ್ಲಿ, ಪ್ರಾಣಿಗಳೂ ಹಾಗೆಯೇ ಎಂದು ಅದೇ ದೇಶದ ಶ್ವಾನ್ 1839ರಲ್ಲಿ ಹೇಳಿದರು. ಅಷ್ಟರಲ್ಲಿ ಸೆಲ್ಲಿನ ಒಳಗಿನ ಕೇಂದ್ರ, ಅಂದರೆ ನ್ಯೂಕ್ಲಿಯಸ್ಸೂ ಕಂಡಿತ್ತು. ಆದರೂ ಹೆಸರು ಮಾತ್ರ ಬರಿಗೋಣೆಯದ್ದೇ ಉಳಿಯಿತು. ಕನ್ನಡದ ‘ಜೀವಕೋಶ’ವೇ ವಾಸಿ ಎನಿಸುತ್ತದೆ ನನಗೆ. ಕೋಶ ಎಂದರೆ ಬೊಕ್ಕಸವೂ ಹೌದು, ಒಳಗೆ ಏನೋ ತುಂಬಿದೆ ಅಂತ ಆ ಪದವೇ ಹೇಳುತ್ತದೆ.

ಟಾರ್ಚಿನ ಸೆಲ್ಲಿಗೂ ಹೆಸರು ಕೋಣೆಯಿಂದಲೇ ಬಂತು. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ವಿದ್ಯುತ್ ತೆಗೆದದ್ದನ್ನು ಪ್ರಕಟಿಸಿದ. ಆಮೇಲೆ ಮರದ ತೊಟ್ಟಿ ಬಂತು: ಲೋಹದ ತಗಡುಗಳೇ ಅಡ್ಡಗೋಡೆ, ನಡುವಿನ ಒಂದೊಂದು ಮನೆಯಲ್ಲೂ ದ್ರಾವಣ. ಆ ಮನೆಯೇ ಸೆಲ್. ಎಕ್ಸೆಲ್ ಹಾಳೆಯ ಸೆಲ್ ಕೂಡ ಚೌಕಾಬಾರದ ‘ಮನೆ’ಯಂಥದ್ದೇ ಅಲ್ವಾ?

ಫೋನಿನಲ್ಲಿ ಮತ್ತೆ ಜೇನಿನ ಎರಿ ಬರುತ್ತದೆ. 1947ರಲ್ಲಿ ಅಮೆರಿಕದ ಟೆಲಿಫೋನ್ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಎಂಜಿನಿಯರರು ಓಡಾಡುತ್ತಾ ಮಾತಾಡುವ ಫೋನಿಗಾಗಿ ಊರನ್ನು ಆರು ಮೂಲೆಯ ಸಣ್ಣ ಪ್ರದೇಶಗಳಾಗಿ ಹಂಚುವ ಯೋಜನೆ ಬರೆದರು. ಆರು ಮೂಲೆಯಾದರೆ ನಡುವೆ ಸಂದಿ ಉಳಿಯುವುದಿಲ್ಲ. ದೂರದ ಇನ್ನೊಂದು ಸೆಲ್ಲಿನಲ್ಲಿ ಅದೇ ತರಂಗಾಂತರವನ್ನು ಮತ್ತೆ ಬಳಸಬಹುದು. ಕಾಗದದ ಮೇಲೆ ಅಷ್ಟು ಅಂದ. ನೆಲದ ಮೇಲೆ ಗುಡ್ಡ, ಕಟ್ಟಡ ಅಡ್ಡ ಬಂದು ಸೆಲ್‌ಗಳು ಅಂಕುಡೊಂಕಾಗುತ್ತವೆ. ಮೈಸೂರಿನ ಬಸ್ಸಿನಲ್ಲಿ ಮಾತಾಡುತ್ತಾ ಹೋದರೆ ಇಂಥ ಹತ್ತಾರು ಕೋಣೆ ದಾಟುತ್ತೇವೆ. ಗೋಡೆಯೇ ಇಲ್ಲದ್ದರಿಂದ ದಾಟಿದ್ದು ಗೊತ್ತಾಗುವುದಿಲ್ಲ.