2-3 ಅಂತ ಟೈಪ್ ಮಾಡಿದರೆ ಅದು ಮಾರ್ಚ್ 2 ಆಗುತ್ತದೆ

ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ತೋಟಗಾರಿಕೆ, ರೇಷ್ಮೆ ಓದುವ ಮಕ್ಕಳು ಪ್ರಬಂಧದ ಲೆಕ್ಕಾಚಾರಕ್ಕೆ ನನ್ನ ಹತ್ತಿರ ಬರುತ್ತಾರೆ. ಪೆನ್‌ಡ್ರೈವ್ ಕೊಟ್ಟು "ಸರ್, ಅನೋವಾ ಮಾಡ್ಕೊಡಿ" ಅಂತಾರೆ. ಅನೋವಾ ಅಂದರೆ ಗುಂಪುಗಳ ಸರಾಸರಿಗಳಲ್ಲಿ ನಿಜವಾದ ವ್ಯತ್ಯಾಸ ಇದೆಯೇ ಅಂತ ನೋಡುವ ಲೆಕ್ಕ, ಐದು ನಿಮಿಷದ ಕೆಲಸ. ನಾನು ಮೊದಲು ನೋಡುವುದು ಎಕ್ಸೆಲ್ ಹಾಳೆಯಲ್ಲಿ ತಾಕಿನ, ಅಂದರೆ ಪ್ರಯೋಗದ ಒಂದೊಂದು ಹೊಲದ ತುಂಡಿನ, ನಂಬರಿನ ಕಾಲಂ. ಅಲ್ಲಿ '02-ಮಾರ್ಚ್' ಅಂತ ಕಂಡರೆ ಅವತ್ತಿನ ದಿನ ಅದಕ್ಕೇ ಹೋಯಿತು ಅಂತ ಲೆಕ್ಕ.

ಹೋದ ಸಲ ಬಂದ ಹುಡುಗಿಯದು ಟೊಮೆಟೊ ಪ್ರಯೋಗ. 9 ಉಪಚಾರ (ಹೋಲಿಸಿ ನೋಡುವ ವಿಧಾನಗಳು), ಪ್ರತಿಯೊಂದೂ 4 ಸಲ, ಅಂದರೆ 4 ಪುನರಾವರ್ತನೆ, ಒಟ್ಟು 36 ತಾಕು. ಎರಡನೇ ಪುನರಾವರ್ತನೆಯ ಮೂರನೇ ಉಪಚಾರಕ್ಕೆ 2-3 ಅಂತ ಹೆಸರು. ಮೊದಲ ಎರಡು ಪುನರಾವರ್ತನೆಗಳನ್ನು ಹಾಸ್ಟೆಲ್ ಕಂಪ್ಯೂಟರಿನಲ್ಲಿ, ಉಳಿದ ಎರಡನ್ನು ಊರಲ್ಲಿ ಅಣ್ಣನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದಳು. ಹಾಸ್ಟೆಲಿನದು ನಮ್ಮ ಪದ್ಧತಿ, ಮೊದಲು ದಿನ, ಆಮೇಲೆ ತಿಂಗಳು. ಅಣ್ಣನದು ಅಮೆರಿಕದ ಸೆಟ್ಟಿಂಗ್, ಮೊದಲು ತಿಂಗಳು. ಹಾಗಾಗಿ ಹಾಸ್ಟೆಲಿನಲ್ಲಿ 2-3 ಮಾರ್ಚ್ 2 ಆಯಿತು, ಅಣ್ಣನ ಲ್ಯಾಪ್‌ಟಾಪಿನಲ್ಲಿ 3-2 ಕೂಡ ಮಾರ್ಚ್ 2 ಆಯಿತು. ಎರಡನ್ನೂ ಒಂದೇ ಹಾಳೆಗೆ ಅಂಟಿಸಿದಾಗ '02-ಮಾರ್ಚ್' ಎರಡು ಸಲ ಬಂತು, '03-ಫೆಬ್ರವರಿ' ಒಂದೂ ಇಲ್ಲ. ಯಾವ ಇಳುವರಿ ಯಾವ ತಾಕಿನದು?

"ನಾನೇನೂ ಮಾಡಿಲ್ಲ ಸರ್, ಸುಮ್ನೆ ಟೈಪ್ ಮಾಡಿ ಸೇವ್ ಮಾಡಿದೆ" ಅಂದಳು. ಅವಳು ಹೇಳಿದ್ದು ನಿಜ.

ಎಷ್ಟು ಹೇಳಿದರೂ ಜನ ಹಿಡಿಯದ ಮಾತು ಒಂದಿದೆ, ಅದನ್ನೇ ಮತ್ತೆ ಹೇಳುತ್ತೇನೆ. ನೀವು ಬರೆದ 2-3 ಒಳಗೆಲ್ಲೋ ಭದ್ರವಾಗಿದೆ, ತೋರಿಸುವುದು ಮಾತ್ರ ಬದಲಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಎಕ್ಸೆಲ್ ಅದನ್ನು ಅಳಿಸಿ, 1900ರ ಜನವರಿ 1ರಿಂದ ಎಷ್ಟನೇ ದಿನ ಅನ್ನುವ ಒಂದು ಸಂಖ್ಯೆ ಇಟ್ಟುಕೊಳ್ಳುತ್ತದೆ. 2024ರಲ್ಲಿ ಟೈಪ್ ಮಾಡಿದ್ದರೆ ಅದು 45353. ಆಮೇಲೆ ಕಾಲಂ ಅನ್ನು ಟೆಕ್ಸ್ಟ್ (ಬರೀ ಅಕ್ಷರ) ಮಾಡಿದರೆ ಸಿಗುವುದೂ 45353, ನಿಮ್ಮ 2-3 ಅಲ್ಲ. ಟೆಕ್ಸ್ಟ್ ಮಾಡುವುದು ಟೈಪ್ ಮಾಡುವ ಮೊದಲು. ಮೊದಲು! ಅದಕ್ಕಿಂತ ಸುಲಭ, ಆರ್2ಟಿ3 (ಎರಡನೇ ಪುನರಾವರ್ತನೆ, ಮೂರನೇ ಉಪಚಾರ) ಅಂತ ಬರೆಯಿರಿ, ಅದನ್ನು ಯಾವ ಕಂಪ್ಯೂಟರೂ ತಾರೀಖು ಅಂದುಕೊಳ್ಳಲ್ಲ.

ನಾಟಿ ಮಾಡಿದ ತಾರೀಖಿಗೂ ಇದೇ ಕಾಟ. ಅಮೆರಿಕದ ಸೆಟ್ಟಿಂಗಿನಲ್ಲಿ ಜೂನ್ 5 ಅಂತ 5/6/2024 ಬರೆದರೆ ಸದ್ದಿಲ್ಲದೆ ಮೇ 6 ಆಗುತ್ತದೆ. 20/6/2024 ಬರೆದರೆ ಇಪ್ಪತ್ತನೇ ತಿಂಗಳು ಇಲ್ಲವಲ್ಲ, ಅದು ಬರೀ ಅಕ್ಷರವಾಗಿ ಎಡಕ್ಕೆ ಒರಗಿ ಉಳಿಯುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಎಡಕ್ಕೆ, ಕೆಲವು ಬಲಕ್ಕೆ ಒರಗಿದ್ದರೆ ಅಲ್ಲೇ ನಿಲ್ಲಿ. ದಿನ, ತಿಂಗಳು, ವರ್ಷ ಮೂರು ಕಾಲಂನಲ್ಲಿ ಬರೆದರೆ ಈ ತಾಪತ್ರಯವೇ ಇಲ್ಲ.

ಇದು ನಮ್ಮ ಮಕ್ಕಳ ತಪ್ಪು ಮಾತ್ರ ಅಂತ ಅಂದುಕೊಳ್ಳಬೇಡಿ. ಸೆಪ್ಟ್1, ಮಾರ್ಚ್1 ಅಂತ ಮನುಷ್ಯರ ಜೀನ್‌ಗಳಿದ್ದವು. ಅವೂ ಹೀಗೇ ತಾರೀಖಾಗುತ್ತಿದ್ದವು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಜೀನ್ ಹೆಸರು ಕೆಟ್ಟಿದೆ ಅಂತ 2016ರಲ್ಲಿ ತಿಳಿಯಿತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು, ಸೆಪ್ಟಿನ್1, ಮಾರ್ಚ್‌ಎಫ್1 ಅಂತ. 2023ರಲ್ಲಿ ಎಕ್ಸೆಲ್ ಇಂಥ ಅಕ್ಷರ-ಅಂಕೆ ಕೂಡಿದ ಹೆಸರುಗಳು ತಾರೀಖಾಗುವುದನ್ನು ಆಫ್ ಮಾಡುವ ಆಯ್ಕೆ ಕೊಟ್ಟಿತು. ಆದರೆ ಹಳೇ ಆವೃತ್ತಿಗಳಲ್ಲಿ ಅದು ಇರಲ್ಲ, ಅದನ್ನು ನಂಬಿ ಕೂರಬೇಡಿ.

ಯಾವ ಪ್ರಯೋಗಕ್ಕೆ ಯಾವ ವಿಧಾನ ಅಂತ ನಿಮ್ಮ ಗೈಡ್ ಹೇಳಬೇಕು, ಅದರಲ್ಲಿ ನಾನು ಕೈ ಹಾಕಲ್ಲ. ಮೂಲ ಫೈಲಿನ ಒಂದು ಪ್ರತಿ ಮುಟ್ಟದೆ ಬೇರೆ ಇಡಿ ಅಂತ ಮಾತ್ರ ಕೈಮುಗಿದು ಕೇಳುತ್ತೇನೆ.

ಆ ಹುಡುಗಿಯನ್ನು ಉಳಿಸಿದ್ದು ಅವಳ ಹೊಲದ ನೋಟ್‌ಬುಕ್. ಪೆನ್ಸಿಲಿನಲ್ಲಿ ಬರೆದದ್ದು, ಅಂಚಿನಲ್ಲೆಲ್ಲ ಕೆಂಪು ಮಣ್ಣು, ಒಂದು ಪುಟದಲ್ಲಿ ಟೊಮೆಟೊ ರಸದ ಕಲೆ. ಪ್ರತಿ ಕೊಯ್ಲಿನ ತೂಕ ತಾಕಿನ ಪ್ರಕಾರ ಇತ್ತು. ಅವಳು ಓದಿದಳು, ನಾನು ಟೈಪ್ ಮಾಡಿದೆ. ಆರ್3ಟಿ2 ಬಂದಾಗ ಅವಳೇ ಎರಡು ಸಲ ಹೇಳಿದಳು.