ಹಾಲನ್ನದ ಬೆಕ್ಕು, ಅಟ್ಟದ ಇಲಿ

ತೀರ್ಥಹಳ್ಳಿಯ ಕಡೆ ಇರುವ ದೊಡ್ಡಮ್ಮನ ಮನೆಯಿಂದ ಗಂಡು ಬೆಕ್ಕೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬೆಂಗಳೂರಿಗೆ ಬಂದೆ. ಬೂದು ಮೈ, ಕಪ್ಪು ಪಟ್ಟೆ, ಒಂದೂವರೆ ವರ್ಷ ಪ್ರಾಯ. ಹೊರಡುವಾಗ ದೊಡ್ಡಮ್ಮ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಒಂದು ಹಿಡಿ, ರಾತ್ರಿ ಒಂದು ಹಿಡಿ ಹಾಲನ್ನ ಹಾಕು. ಅದಕ್ಕೆ ಬೇರೇನೂ ಬೇಡ." ಬೆಕ್ಕಿಗೆಂದೇ ಆಹಾರದ ಚೀಲ ಖರೀದಿಸುತ್ತೇನೆ ಎಂದಾಗ ನಕ್ಕುಬಿಟ್ಟರು. ಅವರ ಮನೆಯಲ್ಲಿ ಹಾಲನ್ನ ತಿಂದೇ ಒಂದು ಬೆಕ್ಕು ಹನ್ನೆರಡು ವರ್ಷ ಬದುಕಿತ್ತಂತೆ.

ಸುಳ್ಳೇನಲ್ಲ, ಆ ಬೆಕ್ಕನ್ನು ನಾನೂ ನೋಡಿದ್ದೆ. ಆದರೆ ಅದರ ಊಟದ ಲೆಕ್ಕದಲ್ಲಿ ಯಾರೂ ಬರೆದಿಡದ ಒಂದು ಪುಟವಿತ್ತು. ಮಲೆನಾಡಿನ ಮನೆಯ ಅಟ್ಟ, ಅಟ್ಟದ ಮೇಲೆ ಭತ್ತದ ಚೀಲ, ಚೀಲಗಳ ಸಂದಿಯಲ್ಲಿ ಇಲಿ. ಹಿತ್ತಲಿಗೆ ಹೋದರೆ ಮಿಡತೆ, ಓತಿಕ್ಯಾತ, ಕೆಲವೊಮ್ಮೆ ಹಕ್ಕಿ ಮರಿ. ಒಂದು ಸುಂಡಿಲಿಯಲ್ಲಿ ಸುಮಾರು 30 ಕಿಲೊಕ್ಯಾಲೊರಿ ಶಕ್ತಿ ಇರುತ್ತದೆ. ನಾಲ್ಕು ಕಿಲೊ ತೂಗುವ ಬೆಕ್ಕಿಗೆ ದಿನಕ್ಕೆ ಬೇಕಾದದ್ದು 200ರಿಂದ 250. ಎಂಟು ಇಲಿ ಸಿಕ್ಕಿದರೆ ಅಂದಿನ ಊಟ ಪೂರ್ತಿಯಾಯಿತು, ನಾಲ್ಕು ಸಿಕ್ಕಿದರೂ ಅರ್ಧ ಆಯಿತು. ರಾತ್ರಿಯಿಡೀ ಅಟ್ಟದಲ್ಲಿ ಉಂಡು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಕಾಲಿಗೆ ಮೈ ಉಜ್ಜುವ ಬೆಕ್ಕಿಗೆ ಹಾಲನ್ನ ನಮ್ಮ ಸಂಜೆಯ ಕುರುಕಲಿದ್ದಂತೆ. ನಾವು ಕಂಡದ್ದು ಕುರುಕಲನ್ನು ಮಾತ್ರ. ಮೂರನೇ ಮಹಡಿಯ ಫ್ಲ್ಯಾಟಿಗೆ ಅದೇ ಬೆಕ್ಕನ್ನು ತಂದರೆ ಅಟ್ಟ ಕಳಚಿಹೋಗುತ್ತದೆ, ತಟ್ಟೆಯಲ್ಲಿ ಹಾಲನ್ನವಷ್ಟೇ ಉಳಿಯುತ್ತದೆ.

ಹಾಗಾದರೆ ಇಲಿಯಲ್ಲಿ ಏನಿದೆ? ತೂಕದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ನೀರು. ಉಳಿದದ್ದರಲ್ಲಿ ಬಹುಪಾಲು ಪ್ರೋಟೀನು, ಆಮೇಲೆ ಕೊಬ್ಬು. ಪಿಷ್ಟ ಲೆಕ್ಕಕ್ಕಿಲ್ಲದಷ್ಟು. ಎಲುಬಿನಲ್ಲಿ ಕ್ಯಾಲ್ಸಿಯಂ, ಪುಟ್ಟ ಯಕೃತ್ತಿನಲ್ಲಿ ಎ ಜೀವಸತ್ವ. ಲಕ್ಷಾಂತರ ವರ್ಷ ಇಂಥದ್ದೇ ಊಟ ಸಿಗುತ್ತಾ ಬಂದುದರಿಂದ ಬೆಕ್ಕಿನ ವಂಶ ತನ್ನ ದೇಹದೊಳಗಿನ ಕೆಲವು ತಯಾರಿಗಳನ್ನೇ ನಿಲ್ಲಿಸಿಬಿಟ್ಟಿದೆ. ಪಕ್ಕದಲ್ಲೇ ಖಾನಾವಳಿ ಇರುವವನು ಒಲೆ ಹಚ್ಚುವುದನ್ನು ಮರೆತಂತೆ. ನಾವು ಕ್ಯಾರೆಟ್ಟಿನ ಬಣ್ಣವನ್ನು ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುತ್ತೇವೆ, ಬೆಕ್ಕಿಗೆ ಆಗದು. ನಮ್ಮ ಚರ್ಮ ಬಿಸಿಲಿನಲ್ಲಿ ಡಿ ಜೀವಸತ್ವ ತಯಾರಿಸುತ್ತದೆ, ಬೆಕ್ಕಿನದು ಸಾಕಷ್ಟು ತಯಾರಿಸುವುದಿಲ್ಲ. ಕಿಟಕಿಯಲ್ಲಿ ಗಂಟೆಗಟ್ಟಲೆ ಬಿಸಿಲು ಕಾಯಿಸುವ ಪ್ರಾಣಿಯ ಪಾಡು ಇದು! ಅರಾಕಿಡಾನಿಕ್ ಆಮ್ಲವೆಂಬ ಕೊಬ್ಬಿನಂಶವೂ ಪ್ರಾಣಿಮೂಲದಿಂದಲೇ ಬರಬೇಕು. ಅರ್ಜಿನಿನ್ ಎಂಬ ಅಮೈನೊ ಆಮ್ಲದ ಕತೆಯಂತೂ ದಿಗಿಲು ಹುಟ್ಟಿಸುವಂಥದ್ದು. ಅದೊಂದೇ ಇಲ್ಲದ ಒಂದೇ ಒಂದು ಊಟ ಮಾಡಿದರೂ ಬೆಕ್ಕಿನ ರಕ್ತದಲ್ಲಿ ಅಮೋನಿಯ ಏರಿ, ಕೆಲವೇ ಗಂಟೆಗಳಲ್ಲಿ ಅದು ವಾಂತಿ ಮಾಡಿ ನಡುಗತೊಡಗುತ್ತದೆ ಎಂದು 1978ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಮಾಂಸದಲ್ಲಿ ಅರ್ಜಿನಿನ್ ಧಾರಾಳವಾಗಿ ಇರುವುದರಿಂದ ನಿಜಜೀವನದಲ್ಲಿ ಇದು ಆಗುವುದು ಅಪರೂಪ. ಬೆಕ್ಕಿನ ದೇಹ ಮಾಂಸದ ಮೇಲೆ ಎಷ್ಟು ಭಾರ ಹಾಕಿ ನಿಂತಿದೆ ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಟಾರಿನ್ ಎಂಬ ಇನ್ನೊಂದು ಅಮೈನೊ ಆಮ್ಲ. ಹೆಸರಿನಲ್ಲೇ ಎತ್ತು ಇದೆ: 1827ರಲ್ಲಿ ಜರ್ಮನಿಯ ಟೀಡೆಮಾನ್ ಮತ್ತು ಗ್ಮೆಲಿನ್ ಇದನ್ನು ಎತ್ತಿನ ಪಿತ್ತರಸದಲ್ಲಿ ಕಂಡುಹಿಡಿದರು, ಲ್ಯಾಟಿನ್ ಭಾಷೆಯಲ್ಲಿ ಟಾರಸ್ ಎಂದರೆ ಹೋರಿ. ಸುಮಾರು ಒಂದೂವರೆ ಶತಮಾನ ಇದಕ್ಕೆ ಯಾರೂ ಅಷ್ಟೇನೂ ಮಹತ್ವ ಕೊಡಲಿಲ್ಲ. 1975ರಲ್ಲಿ ಪ್ರಯೋಗಾಲಯದ ಬೆಕ್ಕುಗಳ ಕಣ್ಣಿನ ಅಕ್ಷಿಪಟ ಸವೆಯುತ್ತಿರುವುದು ಕಂಡಿತು. ಆ ಬೆಕ್ಕುಗಳ ಆಹಾರದಲ್ಲಿ ಪ್ರೋಟೀನಿಗಾಗಿ ಬಳಸಿದ್ದು ಕೇಸಿನ್. ಕೇಸಿನ್ ಎಂದರೆ ಹಾಲಿನ ಮುಖ್ಯ ಪ್ರೋಟೀನು. ಅದರಲ್ಲಿ ಟಾರಿನ್ ಇಲ್ಲ. ನಮ್ಮ ದೇಹ ಬೇರೆ ಅಮೈನೊ ಆಮ್ಲಗಳಿಂದ ಟಾರಿನ್ ತಯಾರಿಸಿಕೊಳ್ಳುತ್ತದೆ, ಬೆಕ್ಕಿನದು ಬಲು ಕಡಿಮೆ. ಸಾಲದೆಂಬಂತೆ, ಪಿತ್ತರಸದ ತಯಾರಿಕೆಗೆ ಅದು ಟಾರಿನ್ನನ್ನೇ ಖರ್ಚು ಮಾಡುತ್ತದೆ. ಕೊರತೆ ಬಿದ್ದರೆ ನಮ್ಮಂತೆ ಗ್ಲೈಸಿನ್ ಎಂಬ ಬೇರೊಂದು ಅಮೈನೊ ಆಮ್ಲ ಬಳಸಿ ಸುಧಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಆದಾಯ ಕಡಿಮೆ, ಖರ್ಚು ನಿಲ್ಲದು.

ಹನ್ನೆರಡು ವರ್ಷದ ನಂತರ ಎರಡನೆಯ ಆಘಾತ. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿದ್ದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯ ಹಿಗ್ಗಿ ಬಲ ಕಳೆದುಕೊಂಡ ಬೆಕ್ಕುಗಳ ರಕ್ತದಲ್ಲಿ ಟಾರಿನ್ ತೀರಾ ಇಳಿದಿರುವುದನ್ನು ಗುರುತಿಸಿದರು. ಅವು ಬೀದಿಯ ಬಡಬೆಕ್ಕುಗಳಾಗಿರಲಿಲ್ಲ, ಅಂಗಡಿಯ ಆಹಾರವನ್ನೇ ತಿಂದು ಬೆಳೆದವು. ಆ ಆಹಾರದಲ್ಲಿ ಆಗಿನ ಶಿಫಾರಸಿನಷ್ಟು ಟಾರಿನ್ ಇತ್ತು, ಶಿಫಾರಸೇ ಕಡಿಮೆಯಾಗಿತ್ತು. ಟಾರಿನ್ ಕೊಟ್ಟ ಮೇಲೆ ಹಲವು ಬೆಕ್ಕುಗಳ ಹೃದಯ ಮತ್ತೆ ಸರಿಯಾಯಿತು. ಕಂಪನಿಗಳು ಪ್ರಮಾಣ ಹೆಚ್ಚಿಸಿದವು, ಆ ಕಾಯಿಲೆ ಅಪರೂಪವಾಯಿತು. ಹಾಳಾದ ಅಕ್ಷಿಪಟ ಮಾತ್ರ ಹೀಗೆ ಮರಳುವುದಿಲ್ಲ. ಕೊರತೆ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಬೆಕ್ಕು ಜಿಗಿಯುವುದರಲ್ಲಿ ಎಡವುವ ಹೊತ್ತಿಗೆ ತಡವಾಗಿರುತ್ತದೆ. ಮನೆಯಲ್ಲಿ ನಾಯಿಯೂ ಇದೆ, ಒಂದೇ ಚೀಲ ಸಾಕು ಎಂದುಕೊಳ್ಳುವವರಿಗೂ ಈ ಮಾತು ಅನ್ವಯಿಸುತ್ತದೆ. ನಾಯಿ ಟಾರಿನ್ ತಯಾರಿಸಿಕೊಳ್ಳಬಲ್ಲದು, ಹಾಗಾಗಿ ಅದರ ಆಹಾರಕ್ಕೆ ಬೆಕ್ಕಿಗೆ ಬೇಕಾದಷ್ಟನ್ನು ಸೇರಿಸಿರುವುದಿಲ್ಲ.

ಇಷ್ಟೆಲ್ಲ ಇದ್ದೂ ನಮ್ಮ ಬೆಕ್ಕು ಹಾಲನ್ನಕ್ಕೆ ಪ್ರಾಣ ಬಿಡುತ್ತದಲ್ಲ, ಏಕೆ? ಸಿಹಿಗಾಗಿ ಖಂಡಿತ ಅಲ್ಲ. ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ. ನಾಲಗೆಯಲ್ಲಿ ಸಿಹಿಯನ್ನು ಗುರುತಿಸುವ ಗ್ರಾಹಕಕ್ಕೆ ಎರಡು ಜೀನುಗಳು ಬೇಕು. ಅದರಲ್ಲೊಂದು ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು ಪತ್ತೆ ಹಚ್ಚಿದರು. ಪೇಡೆಯ ಮುಂದೆ ಕುಳಿತ ಬೆಕ್ಕನ್ನು ಸೆಳೆಯುವುದು ಕೊಬ್ಬಿನ ವಾಸನೆ. ಹಾಲಿನ ವಿಷಯದಲ್ಲೂ ಅಷ್ಟೇ.

ಇನ್ನೊಂದು ಕಾರಣ ಬಾಲ್ಯ. 1970ರ ದಶಕದ ಒಂದು ವಿಚಿತ್ರ ಪ್ರಯೋಗದಲ್ಲಿ ತಾಯಿ ಬೆಕ್ಕುಗಳಿಗೆ ಬಾಳೆಹಣ್ಣು ತಿನ್ನುವ ಅಭ್ಯಾಸ ಮಾಡಿಸಲಾಯಿತು. ಪಕ್ಕದಲ್ಲಿದ್ದ ಮರಿಗಳು ತಟ್ಟೆಯಲ್ಲಿ ಮಾಂಸವಿದ್ದರೂ ಅಮ್ಮನನ್ನು ನೋಡಿ ಬಾಳೆಹಣ್ಣನ್ನೇ ತಿಂದವು. ಹಾಲು ಬಿಡುವ ವಯಸ್ಸಿನಲ್ಲಿ ಅಮ್ಮ ಮುಟ್ಟಿದ್ದು ಊಟ, ಉಳಿದದ್ದು ಅನುಮಾನ. ಮೊಸರನ್ನ, ಇಡ್ಲಿ, ಚಪಾತಿ ಎಂದು ಮನೆಮನೆಯ ಬೆಕ್ಕಿಗೂ ಒಂದೊಂದು ಖಯಾಲಿ ಇರುವುದರ ಹಿಂದೆ ಇಂಥ ಪಾಠಗಳಿವೆ. ಬೆಕ್ಕು ಇಷ್ಟಪಟ್ಟು ತಿನ್ನುವುದಕ್ಕೂ ಅದಕ್ಕೆ ಬೇಕಾದುದಕ್ಕೂ ನಂಟು ಇರಲೇಬೇಕೆಂದಿಲ್ಲ. ನಮ್ಮ ಮಕ್ಕಳ ಚಿಪ್ಸ್ ಪೊಟ್ಟಣಗಳನ್ನು ನೋಡಿದವರಿಗೆ ಇದು ಹೊಸ ಮಾತೇನಲ್ಲ.

ಹಾಲು ಕಂಡರೆ ಓಡುವ ಬೆಕ್ಕನ್ನು ಸಾಕಿದ್ದು ತೆನಾಲಿ ರಾಮಕೃಷ್ಣ. ಕೃಷ್ಣದೇವರಾಯ ಬೆಕ್ಕು ಸಾಕಲು ಕೊಟ್ಟ ಹಸುವಿನ ಹಾಲನ್ನು ತಾನೇ ಕುಡಿದು, ಬೆಕ್ಕಿಗೆ ಒಮ್ಮೆ ಕುದಿಯುವ ಹಾಲಿಟ್ಟು ಬಾಯಿ ಸುಟ್ಟನಂತೆ. ಕತೆಯಲ್ಲಿ ಅದು ಕುಚೋದ್ಯ. ಆದರೆ ದೊಡ್ಡ ಬೆಕ್ಕುಗಳಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ತಗ್ಗಿಹೋಗಿರುತ್ತದೆ; ಅನೇಕ ಬೆಕ್ಕುಗಳಿಗೆ ಬಟ್ಟಲು ತುಂಬ ಹಾಲು ಕುಡಿದರೆ ಭೇದಿ. ಎರಡು ಚಮಚಕ್ಕೆ ಏನೂ ಆಗದಿರಬಹುದು.

ಹೀಗಿದ್ದರೂ ಹೊಸದಾಗಿ ತಂದ ಬೆಕ್ಕಿನ ಮುಂದೆ ಮೊದಲ ದಿನವೇ ವಿಜ್ಞಾನವನ್ನು ಬಡಿಸಬಾರದು. ನಾನು ಬಡಿಸಿದ್ದೆ. ದುಬಾರಿ ಚೀಲ ಬಿಚ್ಚಿ ಬಟ್ಟಲಿಗೆ ಸುರಿದೆ. ಅದು ಮಂಚದ ಕೆಳಗೆ ಸೇರಿ ಒಂದು ಹಗಲು, ಒಂದು ರಾತ್ರಿ ಹೊರಗೆ ಬರಲಿಲ್ಲ. ಹಸಿದರೆ ತಾನೇ ತಿನ್ನುತ್ತದೆ ಎಂಬ ಲೆಕ್ಕ ಬೆಕ್ಕಿನಲ್ಲಿ ಅಪಾಯಕಾರಿ. ಊಟ ನಿಂತಾಗ ಅದರ ದೇಹ ಕೊಬ್ಬನ್ನು ಕರಗಿಸಿ ಯಕೃತ್ತಿಗೆ ಕಳುಹಿಸುತ್ತದೆ, ಅಷ್ಟನ್ನು ಸಂಭಾಳಿಸಲು ಯಕೃತ್ತಿಗೆ ಆಗುವುದಿಲ್ಲ. ಕೊಬ್ಬು ಅಲ್ಲೇ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೂ ಈ ಕಾಯಿಲೆ ಶುರುವಾಗಬಹುದು, ಪ್ರಾಣವನ್ನೂ ತೆಗೆಯಬಹುದು. ಏಕಾದಶಿ ಬೆಕ್ಕಿಗೆ ಹೇಳಿದ್ದಲ್ಲ. ಪೂರ್ತಿ ಒಂದು ದಿನ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಬೇಕು, ಮರಿಯಾದರೆ ಅಷ್ಟು ಹೊತ್ತೂ ಕಾಯಬಾರದು.

ಎರಡನೇ ರಾತ್ರಿ ಸೋತು ಹಾಲನ್ನ ಕಲಸಿಟ್ಟೆ. ಮಂಚದ ಕೆಳಗಿನಿಂದ ಮೊದಲು ಮೂಗು ಬಂತು. ಆಮೇಲೆ ಅದೇ ಹಾಲನ್ನಕ್ಕೆ ಬೇಯಿಸಿದ ಕೋಳಿಯ ಎರಡು ಎಳೆ, ಮಾರನೆಯ ದಿನ ಆ ಚೀಲದ ಒಣ ಆಹಾರದ್ದೇ ನೆನೆಸಿ ಪುಡಿ ಮಾಡಿದ ನಾಲ್ಕು ಕಾಳು, ಹೀಗೆ ಸೇರಿಸುತ್ತಾ ಹೋದೆ. ಹಳೆಯದರಿಂದ ಹೊಸದಕ್ಕೆ ದಾಟಲು ಏಳರಿಂದ ಹತ್ತು ದಿನ ಬೇಕು ಎನ್ನುತ್ತಾರೆ. ನಮಗೆ ಮೂರು ವಾರ ಹಿಡಿಯಿತು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಊಟವನ್ನು ಅದು ಮೂಸಿಯೂ ನೋಡುತ್ತಿರಲಿಲ್ಲ. ಸ್ವಲ್ಪ ಬೆಚ್ಚಗೆ ಮಾಡಿದರೆ, ಅಂದರೆ ಆಗಷ್ಟೇ ಹಿಡಿದ ಇಲಿಯ ಮೈ ಇರುವಷ್ಟು ಬಿಸಿಗೆ ತಂದರೆ, ತಟ್ಟೆ ಖಾಲಿ.

ಇನ್ನು ಚೀಲದ ಆಯ್ಕೆ. ಮುಂಭಾಗದ ಮೀನಿನ ಚಿತ್ರವನ್ನು ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದಬೇಕು. ಅಲ್ಲಿ 'ಕಂಪ್ಲೀಟ್' ಎಂದಿದ್ದರೆ ಅದೊಂದೇ ಆಹಾರವಾಗಿ ಸಾಕು. 'ಕಾಂಪ್ಲಿಮೆಂಟರಿ' ಎಂದಿದ್ದರೆ ಅದು ಬರಿಯ ನಂಚಿಕೆ. ಎರಡು ಪದಗಳೂ ಅಣ್ಣತಮ್ಮಂದಿರಂತೆ ಕಾಣುವುದರಿಂದ ಮೋಸಹೋಗುವವರೇ ಹೆಚ್ಚು. ಪ್ರೋಟೀನಿನ ಅಂಕಿಯೂ ಹಾಗೆಯೇ. ಒಣ ಕಾಳಿನ ಚೀಲ 32 ಶೇಕಡಾ ಎನ್ನುತ್ತದೆ, ಹಸಿ ಆಹಾರದ ಪೌಚ್ 10 ಎನ್ನುತ್ತದೆ. ಆದರೆ ಪೌಚಿನಲ್ಲಿ 80 ಪಾಲು ನೀರು. ನೀರನ್ನು ಕಳೆದರೆ ಉಳಿಯುವ 20ರಲ್ಲಿ 10 ಪ್ರೋಟೀನು, ಅಂದರೆ ಅರ್ಧಕ್ಕರ್ಧ. ಕಾಳಿನಲ್ಲಿ 10 ಪಾಲು ನೀರು ಕಳೆದರೆ 90ರಲ್ಲಿ 32, ಸುಮಾರು 36 ಶೇಕಡಾ. ಅಮೆರಿಕದಲ್ಲಿ ಪ್ರಾಣಿಗಳ ಆಹಾರಕ್ಕೆ ಮಟ್ಟ ಗೊತ್ತುಮಾಡುವ ಆಫ್ಕೊ ಸಂಘದ ಮಾನದಂಡದಲ್ಲಿ ಹೀಗೆ ನೀರು ಕಳೆದ ಮೇಲೆ ದೊಡ್ಡ ಬೆಕ್ಕಿಗೆ ಕನಿಷ್ಠ 26, ಮರಿಗಳಿಗೆ ಮತ್ತು ಹಾಲೂಡಿಸುವ ತಾಯಿಗೆ 30 ಇರಬೇಕು. ಮರಿಗೆ ಒಂದು ವರ್ಷದವರೆಗೆ ಮರಿಗಳ ಆಹಾರವೇ ಸರಿ.

ಆ ನೀರೂ ಸಣ್ಣ ವಿಷಯವಲ್ಲ. ಮನೆಬೆಕ್ಕಿನ ಪೂರ್ವಜ ಒಣನಾಡಿನ ಕಾಡುಬೆಕ್ಕು, ಬೇಟೆಯ ಮೈಯ ನೀರಿನಲ್ಲೇ ಬಹುಮಟ್ಟಿಗೆ ದಾಹ ತೀರಿಸಿಕೊಂಡದ್ದು. ಅದರ ಮೊಮ್ಮಕ್ಕಳಿಗೂ ಬಾಯಾರಿಕೆ ಕಡಿಮೆ, ಮೂತ್ರ ಗಟ್ಟಿ. ಬರೀ ಒಣ ಕಾಳು ತಿನ್ನುವ ಬೆಕ್ಕು ಬಟ್ಟಲಿನಿಂದ ಕುಡಿದರೂ ಕೊರತೆ ಪೂರ್ತಿ ತುಂಬುವುದಿಲ್ಲ. ಗಂಡು ಬೆಕ್ಕುಗಳ ಮೂತ್ರನಾಳ ಕಿರಿದು, ಹರಳು ಸಿಕ್ಕಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಕುತ್ತು. ಹಸಿ ಆಹಾರ ದುಬಾರಿ, ನಿಜ. ನಾನು ಬೆಳಿಗ್ಗೆ ಕಾಳು, ರಾತ್ರಿ ಪೌಚ್ ಎಂದು ರಾಜಿ ಮಾಡಿಕೊಂಡಿದ್ದೇನೆ.

ಮೀನು ತಿನ್ನುವ ಮನೆಗಳಲ್ಲಿ ಬಂಗುಡೆ, ಭೂತಾಯಿಯ ತಲೆ ಬೆಕ್ಕಿಗೆ ಹೋಗುವುದು ರೂಢಿ. ಆಗೊಮ್ಮೆ ಈಗೊಮ್ಮೆ ಬೇಯಿಸಿದ್ದಾದರೆ ಹಬ್ಬ. ಮೂರು ಹೊತ್ತೂ ಎಣ್ಣೆಮೀನಾದರೆ ಇ ಜೀವಸತ್ವ ಸಾಲದೆ ಮೈಯ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ. ಕೆಲವು ಹಸಿಮೀನುಗಳಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನೇ ನಾಶ ಮಾಡುತ್ತದೆ. ಬರೀ ಕೋಳಿಯ ಎದೆಮಾಂಸ ತಿಂದು ಬೆಳೆದ ಮರಿಯ ಎಲುಬು ಮೃದುವಾಗಿ ಮುರಿಯಬಹುದು, ಏಕೆಂದರೆ ಎಲುಬಿಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ದಿನವೂ ಲಿವರ್ ಹಾಕಿದರೆ ಎ ಜೀವಸತ್ವ ಹೆಚ್ಚಾಗಿ ಕತ್ತಿನ ಎಲುಬುಗಳೇ ಬೆಸೆದುಕೊಳ್ಳುತ್ತವೆ. ನಮ್ಮ ತಟ್ಟೆಯಿಂದ ತೆಗೆದುಹಾಕುವವರು ಈರುಳ್ಳಿ, ಬೆಳ್ಳುಳ್ಳಿಯನ್ನು ನೆನಪಿಡಬೇಕು. ಬೆಂದರೂ, ಪುಡಿಯಾದರೂ ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಾರಿನಲ್ಲಿ ಅದ್ದಿದ ಕೋಳಿತುಂಡು ಬೆಕ್ಕಿಗೆ ಮಸಾಲೆ ತೊಳೆದ ಮಾತ್ರಕ್ಕೆ ಸುರಕ್ಷಿತವಾಗುವುದಿಲ್ಲ.

ದೊಡ್ಡಮ್ಮನ ಮನೆಗೆ ಮಾಂಸ ಬರುವುದಿಲ್ಲ. ಇಂಥ ಅನೇಕ ಮನೆಗಳಲ್ಲಿ ಬೆಕ್ಕು ತಂದವರಿಗೆ ಇರುಸುಮುರುಸು ಆಗುವುದು ಸಹಜ. ಅವರಿಗೆ ನನ್ನ ಉತ್ತರ ಕಾಳಿನ ಚೀಲ. ಮಾಂಸ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ, ಬೆಕ್ಕಿನ ಕಣ್ಣೂ ಉಳಿಯುತ್ತದೆ. ಬೆಕ್ಕನ್ನು ಸಾತ್ವಿಕವಾಗಿಸುವ ಪ್ರಯತ್ನ ಮಾತ್ರ ಬೇಡ. ಹಿಂದೆಯೂ ಅದು ಸಾತ್ವಿಕವಾಗಿರಲಿಲ್ಲ, ನಮ್ಮ ಕಣ್ಣಿಗೆ ಬೀಳದಂತೆ ಅಟ್ಟದಲ್ಲಿ ಊಟ ಮುಗಿಸಿ ಬರುತ್ತಿತ್ತು.

ಮೊನ್ನೆ ದೊಡ್ಡಮ್ಮ ಫೋನ್ ಮಾಡಿದ್ದರು. ಬೆಕ್ಕು ಹೇಗಿದೆ ಎಂದು ಕೇಳಿದರು, ಹಾಲನ್ನ ಬಿಟ್ಟಿದೆ ಎಂದಾಗ ನಂಬಲಿಲ್ಲ. ಆಮೇಲೆ ಮಾತು ಅಡಿಕೆಯ ದರಕ್ಕೆ, ಮಳೆಗೆ ಹೊರಳಿ, ಕೊನೆಗೆ ಅವರ ದೂರಿಗೆ ಬಂತು. "ನೀನು ಬಂದು ಹೋದ ಮೇಲೆ ಏನಾಗಿದೆಯೋ ಗೊತ್ತಿಲ್ಲ, ಅಟ್ಟದಲ್ಲಿ ಇಲಿ ವಿಪರೀತ. ಎರಡು ಚೀಲ ಭತ್ತಕ್ಕೆ ತೂತು ಬಿದ್ದಿದೆ."