ಮಲೆನಾಡಿನ ತೋಟಕ್ಕೆ ಸಿಬಿ ರೇಡಿಯೊ: ಎಎಂ, ಎಫ್‌ಎಂ, ಎಸ್‌ಎಸ್‌ಬಿಗಳಲ್ಲಿ ಯಾವುದನ್ನು ಆರಿಸಬೇಕು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂಟಿಮನೆ. ಅಡಿಕೆ ತೋಟದ ಒಂದು ಭಾಗ ಗುಡ್ಡದ ಆಚೆ ಕಡೆ ಇದೆ. ಮಳೆಗಾಲದಲ್ಲಿ ಕರೆಂಟು ಹೋದರೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಮನೆಗೊಂದು, ಜೀಪಿಗೊಂದು ಸಿಬಿ ರೇಡಿಯೊ ಕೊಳ್ಳೋಣವೆಂದರೆ ನಲವತ್ತು ಚಾನೆಲ್, ಎಎಂ, ಎಫ್‌ಎಂ, ಎಸ್‌ಎಸ್‌ಬಿ ಎಂಬ ವಿವರಗಳನ್ನು ಓದಿ ಗೊಂದಲವಾಗಿದೆ. ಯಾವುದನ್ನು ನೋಡಿ ಕೊಳ್ಳಬೇಕು?

ಉತ್ತರ: ಸಿಬಿ ಎಂದರೆ ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ಪರಸ್ಪರ ಮಾತನಾಡಲು ಬಿಟ್ಟುಕೊಟ್ಟ ರೇಡಿಯೊ ಆವರ್ತನಗಳ ಪಟ್ಟಿ (ಬ್ಯಾಂಡ್). ಎಎಂ, ಎಫ್‌ಎಂ, ಎಸ್‌ಎಸ್‌ಬಿ ಎಂಬುವು ಅದರಲ್ಲಿ ಧ್ವನಿ ಕಳಿಸುವ ಮೂರು ವಿಧಾನಗಳು. ನಿಮ್ಮ ಅಗತ್ಯಕ್ಕೆ ಎಎಂ ಮತ್ತು ಎಫ್‌ಎಂ ಎರಡೂ ಇರುವ, ಒಂದೇ ಬಗೆಯ ಎರಡು ಸೆಟ್‌ಗಳು ಸಾಕು, ಎಸ್‌ಎಸ್‌ಬಿಗಾಗಿ ತೆರಬೇಕಾದ ಹೆಚ್ಚಿನ ಹಣವನ್ನು ಆಂಟೆನಾಕ್ಕೆ ಹಾಕುವುದು ಮೇಲು. ಈ ಸಲಹೆಗೆ ಕಾರಣಗಳನ್ನು ತಿಳಿದುಕೊಂಡರೆ ಪೆಟ್ಟಿಗೆಯ ಮೇಲಿನ ವಿವರಗಳನ್ನು ನೀವೇ ತೂಗಿ ನೋಡಬಹುದು.

ಮೊದಲು ಆವರ್ತನದ ವಿಷಯ. ನಮ್ಮ ದೇಶದಲ್ಲಿ 2005ರ ನಿಯಮಗಳ ಪ್ರಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ 5 ವ್ಯಾಟ್ ಮೀರದಂತೆ, ಪರವಾನಗಿ ಇಲ್ಲದೆ ಬಳಸಬಹುದು. ಉಪಕರಣಕ್ಕೆ ಮಾತ್ರ ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಇರಬೇಕು. ಆದರೆ ಮಾರುಕಟ್ಟೆಯಲ್ಲಿ ಸಿಗುವ ನಲವತ್ತು ಚಾನೆಲ್‌ಗಳ ಸೆಟ್‌ಗಳು ಅಮೆರಿಕ ಮತ್ತು ಯುರೋಪಿನ ಪಟ್ಟಿಗೆ ಹೊಂದಿಕೊಂಡಂಥವು. ಅವುಗಳ ಮೊದಲನೆಯ ಚಾನೆಲ್ 26.965ರಲ್ಲಿದ್ದರೆ ನಲವತ್ತನೆಯದು 27.405 ಮೆಗಾಹರ್ಟ್ಸ್‌ನಲ್ಲಿದೆ. ಲೆಕ್ಕ ಹಾಕಿದರೆ 27ನೆಯ ಚಾನೆಲ್, ಅಂದರೆ 27.275 ಮೆಗಾಹರ್ಟ್ಸ್‌ವರೆಗೆ ಮಾತ್ರ ನಮ್ಮ ಪಟ್ಟಿಯೊಳಗೆ ಬರುತ್ತದೆ. 28ನೆಯದು 27.285, ಅದು ಆಗಲೇ ಗಡಿಯ ಆಚೆಗೆ ಬಿತ್ತು. ಆದ್ದರಿಂದ ನಲವತ್ತು ಚಾನೆಲ್ ಎಂಬುದನ್ನು ಹೆಚ್ಚಿನ ಗುಣವೆಂದು ಎಣಿಸಿ ಹಣ ಕೊಡಬೇಡಿ. ‘ಹತ್ತು ಮೀಟರ್ ರೇಡಿಯೊ’ ಎಂಬ ಹೆಸರಿನಲ್ಲಿ ಮಾರುವ ಸೆಟ್‌ಗಳಿಂದ ಸಂಪೂರ್ಣ ದೂರವಿರಿ. ಅವು 28 ಮೆಗಾಹರ್ಟ್ಸ್‌ನಿಂದ ಮೇಲಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಪಟ್ಟಿಯವು, ಅಲ್ಲಿ ಮಾತನಾಡಲು ಪರೀಕ್ಷೆ ಬರೆದು ಹ್ಯಾಮ್ ಪರವಾನಗಿ ಪಡೆದಿರಬೇಕು.

ಸಿಬಿಯ ಪಟ್ಟಿಯನ್ನೇ ಪ್ರಪಂಚದಾದ್ಯಂತ ಕೈಗಾರಿಕೆ ಮತ್ತು ವೈದ್ಯಕೀಯ ಉಪಕರಣಗಳಿಗೂ ಬಿಟ್ಟುಕೊಡಲಾಗಿದೆ, ಪ್ಲಾಸ್ಟಿಕ್ ಬೆಸೆಯುವ ಯಂತ್ರಗಳು 27.12 ಮೆಗಾಹರ್ಟ್ಸ್‌ನಲ್ಲಿಯೇ ಕೆಲಸ ಮಾಡುತ್ತವೆ. ಹೀಗಾಗಿ ಬೇರೆಯವರಿಂದ ಅಡಚಣೆಯಾದರೆ ರಕ್ಷಣೆ ಕೇಳುವ ಹಕ್ಕು ಇಲ್ಲಿ ಯಾರಿಗೂ ಇಲ್ಲ. ಊರಿನಿಂದ ದೂರದ ತೋಟದಲ್ಲಿ ಇದರ ಕಾಟ ಕಡಿಮೆ ಎಂಬುದು ನಿಮ್ಮ ಅನುಕೂಲ.

ಕೈಯಲ್ಲಿ ಹಿಡಿಯುವ ಸಣ್ಣ ವಾಕಿಟಾಕಿಗಳಿಗೂ 446.0ರಿಂದ 446.2 ಮೆಗಾಹರ್ಟ್ಸ್‌ವರೆಗೆ ಪರವಾನಗಿ ಬೇಡದ ಪಟ್ಟಿಯೊಂದಿದೆ. ಅವು ಹಗುರ, ಅಗ್ಗ, ಮನೆಯಿಂದ ಕಾಣುವಷ್ಟು ದೂರಕ್ಕೆ ಚೆನ್ನಾಗಿಯೇ ಕೇಳಿಸುತ್ತವೆ. ಆದರೆ ಆ ತರಂಗದ ಉದ್ದ ಸುಮಾರು 67 ಸೆಂಟಿಮೀಟರ್ ಮಾತ್ರ. ಮಳೆಯಲ್ಲಿ ತೊಯ್ದ ದಟ್ಟ ಕಾಡು, ಒತ್ತಾಗಿ ನೆಟ್ಟ ಅಡಿಕೆ ಮರಗಳು ಅದನ್ನು ಬೇಗನೆ ಹೀರಿಕೊಳ್ಳುತ್ತವೆ. ಸಿಬಿ ತರಂಗದ ಉದ್ದ ಸುಮಾರು 11 ಮೀಟರ್. ಅದು ಎಲೆ, ಕೊಂಬೆಗಳಿಗೆ ಅಷ್ಟಾಗಿ ಸೋಲುವುದಿಲ್ಲ, ಗುಡ್ಡದ ನೆತ್ತಿಯ ಮೇಲೆ ಸ್ವಲ್ಪ ಬಾಗಿ ಆಚೆ ಬದಿಗೂ ಇಳಿಯುತ್ತದೆ. ನಿಮ್ಮ ತೋಟದ ಮಟ್ಟಿಗೆ ಸಿಬಿಯ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದೇ. ಹಾಗೆಂದು ಆಗುಂಬೆ, ಹುಲಿಕಲ್‌ಗಳಂಥ ಘಟ್ಟದ ಅಂಚಿನ ಆಳವಾದ ಕಮರಿಗಳನ್ನು ದಾಟಿಸುವ ಶಕ್ತಿ ಇದಕ್ಕಿದೆ ಎಂದು ಯಾರಾದರೂ ಹೇಳಿದರೆ ನಂಬಬಾರದು.

ಇನ್ನು ಮಾಡ್ಯುಲೇಷನ್, ಅಂದರೆ ನಮ್ಮ ಧ್ವನಿಯನ್ನು ರೇಡಿಯೊ ತರಂಗದ ಮೇಲೆ ಏರಿಸುವ ವಿಧಾನ. ಎಎಂನಲ್ಲಿ ಧ್ವನಿಗೆ ತಕ್ಕಂತೆ ತರಂಗದ ಎತ್ತರ ಬದಲಾಗುತ್ತದೆ. ಸಿಡಿಲು, ಎಂಜಿನ್ನಿನ ಸ್ಪಾರ್ಕ್ ಪ್ಲಗ್, ಕಾಡುಪ್ರಾಣಿಗಳ ತಡೆಗೆ ಹಾಕಿದ ಸೋಲಾರ್ ಬೇಲಿ ಇವೆಲ್ಲ ಉಂಟುಮಾಡುವ ಗದ್ದಲವೂ ಎತ್ತರದ ಏರುಪೇರೇ ಆದ್ದರಿಂದ ಎಎಂ ಸೆಟ್ ಅದನ್ನೂ ಧ್ವನಿಯೆಂದೇ ತಿಳಿದು ಕೇಳಿಸುತ್ತದೆ. ಭದ್ರಾವತಿ ಆಕಾಶವಾಣಿಯನ್ನು 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಕೇಳುತ್ತ ಬಂದವರಿಗೆ, ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ವಾರ್ತೆಯ ನಡುವೆ ಬರುವ ಆ ಚಟಚಟ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಬೇಲಿಯ ಯಂತ್ರ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಮಿಡಿಯುವುದರಿಂದ ಅದರ ‘ಟಿಕ್, ಟಿಕ್’ ಸದ್ದು ಎಡೆಬಿಡದೆ ಇರುತ್ತದೆ. ಇಷ್ಟಾದರೂ ಎಎಂ ಬೇಡವೆನ್ನಲಾಗದು: ಸೆಟ್ ಸರಳ, ಸಂಕೇತ ಕ್ಷೀಣಿಸಿದಾಗಲೂ ಗದ್ದಲದ ಅಡಿಯಿಂದ ನಾಲ್ಕು ಮಾತುಗಳನ್ನು ಹೆಕ್ಕಿ ತೆಗೆಯಲು ಸಾಧ್ಯವಾಗುತ್ತದೆ.

ಎಫ್‌ಎಂನಲ್ಲಿ ಎತ್ತರ ಹಾಗೆಯೇ ಉಳಿದು ಆವರ್ತನ ಅತ್ತಿತ್ತ ಸರಿಯುತ್ತದೆ. ಗ್ರಾಹಕವು ಎತ್ತರದ ಏರುಪೇರುಗಳನ್ನು ಕತ್ತರಿಸಿ ಹಾಕುವುದರಿಂದ ಸಂಕೇತ ಸಾಕಷ್ಟು ಬಲವಾಗಿರುವ ತನಕ ಬೇಲಿಯ ಸದ್ದೂ ಎಂಜಿನ್ ಸದ್ದೂ ಬಹುಮಟ್ಟಿಗೆ ಮರೆಯಾಗುತ್ತವೆ. ಯಾರೂ ಮಾತನಾಡದಿರುವಾಗ ಸೆಟ್ಟನ್ನು ಮೌನವಾಗಿಡುವ ಸ್ಕ್ವೆಲ್ಚ್ ಕೂಡ ಎಫ್‌ಎಂನಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಅಡುಗೆಮನೆಯ ಪಕ್ಕದಲ್ಲಿ ದಿನವಿಡೀ ಚಾಲೂ ಇಡುವ ಸೆಟ್‌ಗೆ ಇದು ಸಣ್ಣ ಸಂಗತಿಯಲ್ಲ. ಇದರ ಕೊರತೆಯೆಂದರೆ, ಸಂಕೇತ ಒಂದು ಮಟ್ಟಕ್ಕಿಂತ ಕೆಳಗಿಳಿದೊಡನೆ ಮಾತು ಭುಸುಗುಟ್ಟುವ ಸದ್ದಿನಲ್ಲಿ ಥಟ್ಟನೆ ಮುಳುಗಿಹೋಗುತ್ತದೆ. ಎರಡೂ ಇರುವ ಸೆಟ್ ಕೊಳ್ಳಿ ಎಂದದ್ದು ಇದಕ್ಕಾಗಿಯೇ: ದಿನನಿತ್ಯಕ್ಕೆ ಎಫ್‌ಎಂ, ದೂರದ ಅಂಚಿನಲ್ಲಿ ಎಎಂ.

ಎಸ್‌ಎಸ್‌ಬಿಯ (ಸಿಂಗಲ್ ಸೈಡ್‌ಬ್ಯಾಂಡ್) ಹಿಂದಿನ ಯುಕ್ತಿ ನಿಜಕ್ಕೂ ಮೆಚ್ಚತಕ್ಕದ್ದು. ಪೂರ್ತಿ ಮಾಡ್ಯುಲೇಷನ್ ಇದ್ದಾಗಲೂ ಎಎಂ ಸಂಕೇತದ ಒಟ್ಟು ಶಕ್ತಿಯ ಮೂರನೆಯ ಎರಡು ಪಾಲು ಮಾತಿಲ್ಲದ ವಾಹಕ ತರಂಗದಲ್ಲಿಯೇ ವ್ಯಯವಾಗುತ್ತದೆ. ಉಳಿದದ್ದು ವಾಹಕದ ಇಬ್ಬದಿಯಲ್ಲಿರುವ ಎರಡು ಪಕ್ಕಪಟ್ಟಿಗಳಲ್ಲಿ (ಸೈಡ್‌ಬ್ಯಾಂಡ್) ಹಂಚಿಹೋಗುತ್ತದೆ, ಆ ಎರಡರಲ್ಲೂ ಇರುವುದು ಒಂದೇ ಮಾತು. ವಾಹಕವನ್ನೂ ಒಂದು ಪಕ್ಕಪಟ್ಟಿಯನ್ನೂ ತೆಗೆದುಹಾಕಿ, ಇರುವ ಶಕ್ತಿಯನ್ನೆಲ್ಲ ಉಳಿದ ಒಂದಕ್ಕೆ ಕೊಡುವುದೇ ಎಸ್‌ಎಸ್‌ಬಿ. ದೂರ ಹೆಚ್ಚುತ್ತದೆ, ಆಕ್ರಮಿಸುವ ಜಾಗ 3 ಕಿಲೋಹರ್ಟ್ಸ್‌ಗೂ ಕಡಿಮೆಯಾಗುತ್ತದೆ. ಆದರೆ ಎರಡೂ ಕಡೆ ಒಂದೇ ಪಕ್ಕಪಟ್ಟಿ, ಮೇಲಿನದೋ ಕೆಳಗಿನದೋ, ಆಯ್ಕೆಯಾಗಿರಬೇಕು. ಆವರ್ತನ ಕೊಂಚ ತಪ್ಪಿದರೂ ಧ್ವನಿ ಕೀರಲಾಗಿಯೋ ಗೊಗ್ಗರಾಗಿಯೋ ಕೇಳುವುದರಿಂದ ಕ್ಲಾರಿಫೈಯರ್ ಗುಂಡಿಯನ್ನು ಆಗಾಗ ಹದಕ್ಕೆ ತರಬೇಕು. ಎದುರಿನಿಂದ ಬಸ್ಸು ಬರುತ್ತಿರುವಾಗ ಜೀಪು ಓಡಿಸುತ್ತ ಮಾಡುವ ಕೆಲಸ ಇದಲ್ಲ. ಅಮೆರಿಕದಲ್ಲಿ ಎಸ್‌ಎಸ್‌ಬಿಗೆ 12 ವ್ಯಾಟ್‌ವರೆಗೆ ಅವಕಾಶವಿರುವುದರಿಂದ ಅಲ್ಲಿಗೆಂದು ಮಾಡಿದ ಸೆಟ್ ನಮ್ಮ 5 ವ್ಯಾಟ್ ಮಿತಿಯನ್ನು ಮೀರುತ್ತದೆ ಎಂಬುದೂ ನೆನಪಿರಲಿ.

ಯಾವ ವಿಧಾನವನ್ನೇ ಆರಿಸಿ, ಎರಡೂ ಸೆಟ್‌ಗಳಲ್ಲಿ ಅದೇ ಇರಬೇಕು. ಎಫ್‌ಎಂನಲ್ಲಿ ಆಡಿದ ಮಾತು ಎಎಂಗೆ ಇಟ್ಟ ಸೆಟ್‌ನಲ್ಲಿ ಅರ್ಥವಾಗುವಂತೆ ಕೇಳಿಸದು. ನೆರೆಯ ತೋಟದವರಲ್ಲಿ ಈಗಾಗಲೇ ಸಿಬಿ ಇದ್ದರೆ, ಯಾವ ಚಾನೆಲ್, ಯಾವ ವಿಧಾನ ಎಂದು ಅವರನ್ನು ಕೇಳಿಯೇ ಕೊಳ್ಳಿ.

ವ್ಯಾಟ್ ಹೆಚ್ಚಿಸಿದರೆ ದೂರ ಹೆಚ್ಚುತ್ತದೆಂಬ ನಂಬಿಕೆ ಬಲವಾಗಿದೆ. ಸೆಟ್‌ನ ಸಿಗ್ನಲ್ ಮೀಟರ್‌ನಲ್ಲಿ ಒಂದೇ ಒಂದು ಅಂಕ ಏರಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು. ಕಾನೂನು ಅದಕ್ಕೆ ಬಿಡುವುದೂ ಇಲ್ಲ. ಆಂಟೆನಾದ ಮಾತು ಬೇರೆ. ತರಂಗದ ಉದ್ದದ ಕಾಲುಭಾಗದಷ್ಟಿರುವ (ಕಾಲು ತರಂಗ) ಆಂಟೆನಾದ ಪೂರ್ಣ ಉದ್ದ ಸುಮಾರು 2.75 ಮೀಟರ್, ಜೀಪಿನ ಮೇಲೆ ಅಷ್ಟುದ್ದ ಕಷ್ಟವೆಂದು ಸುರುಳಿ ಸುತ್ತಿದ ಗಿಡ್ಡ ಕಡ್ಡಿಗಳನ್ನು ಮಾರುತ್ತಾರೆ, ಗಿಡ್ಡವಾದಷ್ಟೂ ಅದು ಹೊರಸೂಸುವ ಪಾಲು ಕಡಿಮೆ. ಮನೆಯಲ್ಲಿ ಪೂರ್ಣ ಉದ್ದದ್ದನ್ನೇ, ಹೆಂಚಿನ ಮಾಡಿಗಿಂತ ಎತ್ತರದಲ್ಲಿ, ಕರೆಂಟಿನ ತಂತಿಗಳಿಂದ ದೂರದಲ್ಲಿ ನಿಲ್ಲಿಸಿ. ಸಿಡಿಲಿನ ನಾಡು ನಮ್ಮದು. ಕಂಬಕ್ಕೆ ಅರ್ತಿಂಗ್ ಮಾಡಿಸಿ, ಮೋಡ ಕವಿದೊಡನೆ ಕೇಬಲ್ಲನ್ನು ಸೆಟ್‌ನಿಂದ ಕಳಚಿ ಹೊರಗಿಡಿ.

ಆಂಟೆನಾ ಕೂರಿಸಿದ ಮೇಲೆ, ಅದು ಸೆಟ್‌ಗೆ ಎಷ್ಟು ಹೊಂದಿಕೊಂಡಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು 1ನೆಯ ಮತ್ತು 27ನೆಯ ಚಾನೆಲ್‌ಗಳೆರಡರಲ್ಲೂ ಅಳೆಯಿರಿ. 1.5ರ ಒಳಗಿದ್ದರೆ ಒಳ್ಳೆಯದು. 3 ತೋರಿಸಿದರೆ ಶಕ್ತಿಯ ಕಾಲುಭಾಗ ಸೆಟ್‌ನತ್ತಲೇ ಹಿಂದಿರುಗುತ್ತಿದೆ ಎಂದರ್ಥ, ಅದನ್ನು ಸರಿಪಡಿಸದೆ ಮಾತನಾಡಬೇಡಿ. 1ನೆಯ ಚಾನೆಲ್‌ನಲ್ಲಿ ಅಂಕ ಹೆಚ್ಚಿದ್ದರೆ ಕಡ್ಡಿ ಗಿಡ್ಡವಾಗಿದೆ, 27ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ. ಒಮ್ಮೆಗೆ ಕೆಲವೇ ಮಿಲಿಮೀಟರ್ ಸರಿಪಡಿಸಿ ಮತ್ತೆ ಅಳೆಯಿರಿ.